ಇಂಡಿಯಾನಾ ಜೋನ್ಸ್ ನಾಲ್ಕನೇ ಭಾಗ ಸಪ್ಪೆಯಾಗಿದ್ದು ಫ್ರಿಜ್‌ನಿಂದಲೇ?

ತುಂಗಾತೀರ, ಶಿವಮೊಗ್ಗ:
ಹಾಲಿವುಡ್‌ನ ಇಂಡಿಯಾನಾ ಜೋನ್ಸ್ ಸಾಹಸ ಚಿತ್ರಗಳಲ್ಲಿ 1981, 1984, 1989ರ ಮೂರು ಭಾಗಗಳನ್ನು ಎಷ್ಟು ಸಲ ನೋಡಿದರೂ ಬೇಜಾರು ಬರಲ್ಲ. 2008ರ 'ಕಿಂಗ್‌ಡಮ್ ಆಫ್ ದಿ ಕ್ರಿಸ್ಟಲ್ ಸ್ಕಲ್' ಮಾತ್ರ ಮನಸ್ಸಿಗೆ ಇಳಿಯಲೇ ಇಲ್ಲ. ನಿರ್ದೇಶನಕ್ಕೆ ಸ್ಪೀಲ್‌ಬರ್ಗ್, ನಾಯಕನಾಗಿ ಹ್ಯಾರಿಸನ್ ಫೋರ್ಡ್, ಸಂಗೀತಕ್ಕೆ ಜಾನ್ ವಿಲಿಯಮ್ಸ್, ಸಂಕಲನಕ್ಕೆ ಮೈಕೆಲ್ ಕಾನ್, ಎಲ್ಲ ಅವರೇ. ಕೇಳಿದರೆ ಎಲ್ಲರೂ ಅಣುಬಾಂಬ್ ಸಿಡಿದಾಗ ಫ್ರಿಜ್ ಒಳಗೆ ಕೂತು ಬದುಕಿದ್ದನ್ನೇ ಎತ್ತುತ್ತಾರೆ. ಎರಡನೇ ಭಾಗದಲ್ಲಿ ರಬ್ಬರ್ ದೋಣಿ ಹಿಡಿದು ವಿಮಾನದಿಂದ ಹಾರಿದ್ದೂ ಅಷ್ಟೇ ಅಸಾಧ್ಯವಲ್ಲವೇ? ಹಾಗಾದರೆ ಕೆಟ್ಟಿದ್ದು ಎಲ್ಲಿ? ದಸರಾ ರಜೆಗೆ ಮಕ್ಕಳಿಗೆ ತೋರಿಸಬೇಕು, ಯಾವ ಕ್ರಮ ಒಳ್ಳೇದು?

ಆಗುಂಬೆ ಘಾಟಿ, ತೀರ್ಥಹಳ್ಳಿ:
ಫ್ರಿಜ್ ಬಿಡಿ ಮಾರಾಯ್ರೆ. ಮೊದಲ ಭಾಗದ ಲಾರಿ ಕಾಳಗವನ್ನೂ ನಾಲ್ಕನೇ ಭಾಗದ ಕಾಡಿನ ಜೀಪ್ ಓಟವನ್ನೂ ಒಂದರ ಹಿಂದೊಂದು ಹಾಕಿ ನೋಡಿ.

ಲಾರಿ ದೃಶ್ಯ ತೆಗೆದದ್ದು ಟ್ಯುನೀಷಿಯಾದಲ್ಲಿ. ಸ್ಟಂಟ್ ಮಾಡಿದ ಟೆರ‍್ರಿ ಲಿಯೊನಾರ್ಡ್ ನಿಜವಾಗಿಯೇ ಓಡುವ ಲಾರಿಯ ಅಡಿಗೆ ನುಸುಳಿದರು. ಅವರ ಮೈ ಹಿಡಿಸಲೆಂದು ರಸ್ತೆಯ ನಡುವೆ ಕಾಲುವೆಯಂತೆ ತೋಡಿದ್ದರು, ಲಾರಿಯನ್ನೂ ಮಾಮೂಲಿಗಿಂತ ಎತ್ತರ ಮಾಡಿದ್ದರು. ಇರುವುದು ಒಂದು ಲಾರಿ, ಒಂದು ರಸ್ತೆ, ಒಬ್ಬ ನಾಯಕ. ಯಾರು ಎಲ್ಲಿದ್ದಾರೆ ಅಂತ ಪ್ರತಿ ಕ್ಷಣವೂ ಗೊತ್ತಿರುತ್ತೆ. ತೋಳಿಗೆ ಗುಂಡು ಬೀಳುತ್ತೆ, ಗಾಯದ ಮೇಲೇ ಗುದ್ದು ತಿನ್ನುತ್ತಾನೆ, ಆಮೇಲೆ ಹಡಗಿನಲ್ಲಿ ಮಲಗಿದಾಗಲೂ ಮೈಯೆಲ್ಲ ನೋವು. ಒಂದು ದೃಶ್ಯದ ಪೆಟ್ಟು ಮುಂದಿನ ದೃಶ್ಯಕ್ಕೂ ಬರುತ್ತೆ.

ಕಾಡಿನ ಓಟದಲ್ಲಿ ಎರಡು ಗಾಡಿ ಅಕ್ಕಪಕ್ಕ, ಒಂದೇ ವೇಗದಲ್ಲಿ, ಹೈವೇ ಮೇಲೆ ಹೋದ ಹಾಗೆ ಹೋಗ್ತವೆ. ನಾಯಕನ ಜೊತೆಗಿರುವ ಹುಡುಗ ಎರಡರ ಮೇಲೂ ಕಾಲಿಟ್ಟು ಕತ್ತಿ ಬೀಸುತ್ತಾನೆ. ಮಳೆಗಾಲದಲ್ಲಿ ಚಕ್ರಕ್ಕೆ ಚೈನ್ ಕಟ್ಟಿ ಜೀಪ್ ಹತ್ತಿಸುವ ನಮ್ಮ ಕಡೆಯವರಿಗೆ ಇದು ನೋಡಿದ ಕೂಡಲೇ ಗೊತ್ತಾಗುತ್ತೆ: ಬೇರು ತಾಗಲ್ಲ, ಕೆಸರಲ್ಲಿ ಹೂತುಕೊಳ್ಳಲ್ಲ, ಸ್ಟೀರಿಂಗ್ ಕೈಯಿಂದ ಕಿತ್ತುಕೊಳ್ಳಲ್ಲ. ಒಂದಿಷ್ಟನ್ನು ಹವಾಯಿ ಕಾಡಿನಲ್ಲೇ ತೆಗೆದಿದ್ದಾರೆ, ಆದರೆ ಅದರ ಮೇಲೆ ಕಂಪ್ಯೂಟರ್ ಗಿಡ, ಕಂಪ್ಯೂಟರ್ ಮಂಗ. ಕೊನೆಗೆ ಮೂರು ಜಲಪಾತ ಧುಮುಕಿದರೂ ಯಾರಿಗೂ ಒಂದು ತರಚು ಗಾಯವಿಲ್ಲ.

ದೋಣಿ ಹಾರಿದ್ದೂ ಸುಳ್ಳೇ, ಒಪ್ಪಿದೆ. ಆದರೆ ಅದೇ ಚಿತ್ರದಲ್ಲಿ ಆ ತೂಗುಸೇತುವೆ ಇದೆಯಲ್ಲ! ಶ್ರೀಲಂಕಾದ ಕಮರಿಗೆ ಅಡ್ಡಲಾಗಿ ನಿಜವಾಗಿ ಕಟ್ಟಿದ್ದು. ಕಡಿಯೋಕೆ ಒಂದೇ ಅವಕಾಶ, ಹಾಗಾಗಿ ಕೈಕಾಲು ಬಡಿಯುವ ಯಾಂತ್ರಿಕ ಬೊಂಬೆಗಳನ್ನು ಹತ್ತಿಸಿ ಬೀಳಿಸಿದರು.

ಶರಾವತಿ ಹಿನ್ನೀರು, ಸಾಗರ:
ಗ್ರಾಫಿಕ್ಸ್ ಮೇಲೆ ಪೂರ್ತಿ ತಪ್ಪು ಹೊರಿಸಬೇಡಿ. ಕಥೆಯೇ ಸಡಿಲ. ಫ್ರ್ಯಾಂಕ್ ಡ್ಯಾರಬಾಂಟ್ ಬರೆದ ಚಿತ್ರಕಥೆ ಸ್ಪೀಲ್‌ಬರ್ಗ್‌ಗೆ ಹಿಡಿಸಿತ್ತು, ಈ ಸರಣಿಯನ್ನು ಹುಟ್ಟುಹಾಕಿದ ಜಾರ್ಜ್ ಲ್ಯೂಕಸ್ ಬೇಡವೆಂದರು. ಕೊನೆಗೆ ತೆರೆಗೆ ಬಂದದ್ದು ಡೇವಿಡ್ ಕೆಪ್ ಬರೆದದ್ದು. ಮ್ಯಾಕ್ ಎಂಬ ಗೆಳೆಯ ಎಷ್ಟು ಸಲ ಪಕ್ಷ ಬದಲಿಸುತ್ತಾನೆಂದರೆ ಕೊನೆಗೆ ಅವನು ಸತ್ತರೂ ಏನೂ ಅನಿಸಲ್ಲ. ಹೆಚ್ಚು ಸಂಕಟವಾಗೋದು ಮೇರಿಯನ್ ವಿಷಯದಲ್ಲಿ. ಮೊದಲ ಭಾಗದಲ್ಲಿ ಕುಡಿಯುವ ಪಂದ್ಯ ಗೆದ್ದು, ನಾಯಕನ ದವಡೆಗೆ ಬಾರಿಸಿದ ಹೆಣ್ಣು ಆಕೆ. ಇಲ್ಲಿ ಗಾಡಿ ಓಡಿಸುತ್ತಾ ನಗೋದು ಬಿಟ್ಟರೆ ಆಕೆಗೆ ಕೆಲಸವೇ ಕೊಟ್ಟಿಲ್ಲ.

ಬೆಳಕೂ ಬದಲಾಗಿದೆ. ಮೊದಲ ಮೂರಕ್ಕೆ ಡಗ್ಲಸ್ ಸ್ಲೋಕಂಬ್ ಛಾಯಾಗ್ರಹಣ, ಗಟ್ಟಿ ನೆರಳು. ನಾಲ್ಕನೆಯದಕ್ಕೆ ಯಾನುಸ್ ಕಮಿನ್ಸ್ಕಿ. ಕಿಟಕಿ, ದೀಪ, ಮುಖದ ಅಂಚು ಎಲ್ಲ ಮಂಜು ಮಂಜಾಗಿ ಹೊಳೆಯುತ್ತೆ, ಅದಕ್ಕೇ ನಿಜವಾದ ಸೆಟ್ ಕೂಡ ನಕಲಿ ಥರ ಕಾಣುತ್ತೆ. ಯೇಲ್ ವಿಶ್ವವಿದ್ಯಾಲಯದ ಬೈಕ್ ಓಟ ಮಾತ್ರ ಚೆನ್ನಾಗಿದೆ. ನಿಜವಾದ ಬೀದಿ, ನಿಜವಾದ ಬೈಕ್.

ಮಕ್ಕಳಿಗೆ ಮೊದಲು 1981ರದ್ದು, ಆಮೇಲೆ ನೇರ 1989ರದ್ದು. 1984ರದ್ದನ್ನು ಹನ್ನೆರಡು ದಾಟಿದವರಿಗೆ ಮಾತ್ರ ತೋರಿಸಿ. ಎದೆಯಿಂದ ಹೃದಯ ಕೀಳುವ ದೃಶ್ಯವಿದೆ. ಅಮೆರಿಕದಲ್ಲಿ ಪಿಜಿ-13 (ಹದಿಮೂರರ ಒಳಗಿನವರ ವಿಷಯದಲ್ಲಿ ಪಾಲಕರಿಗೆ ಎಚ್ಚರಿಕೆ) ಎಂಬ ದರ್ಜೆ ಹುಟ್ಟಲು ಈ ಚಿತ್ರವೂ ಒಂದು ಕಾರಣ. ಕಾಳಿಯ ಪೂಜೆಯನ್ನೂ ನಮ್ಮ ಊಟವನ್ನೂ ತೀರಾ ಕೆಟ್ಟದಾಗಿ ತೋರಿಸಿದ್ದಾರೆ, ಜೊತೆಗೆ ಕೂತು ಬಿಡಿಸಿ ಹೇಳಬೇಕಾಗುತ್ತೆ.

ತುಂಗಾತೀರ, ಶಿವಮೊಗ್ಗ:
2023ರ ಐದನೇ ಭಾಗ?

ಆಗುಂಬೆ ಘಾಟಿ, ತೀರ್ಥಹಳ್ಳಿ:
'ಡಯಲ್ ಆಫ್ ಡೆಸ್ಟಿನಿ' 154 ನಿಮಿಷ, ಮೊದಲನೆಯದು 115. ಮಕ್ಕಳಿಗೆ ಉದ್ದವಾಯಿತು. ನಿರ್ದೇಶನ ಜೇಮ್ಸ್ ಮ್ಯಾನ್‌ಗೋಲ್ಡ್‌ದು. ಆರಂಭದ ದೃಶ್ಯಗಳಲ್ಲಿ ಫೋರ್ಡ್ ಮುಖವನ್ನು ಕಂಪ್ಯೂಟರ್‌ನಲ್ಲಿ ಹರೆಯಕ್ಕೆ ತಂದಿದ್ದಾರೆ, ದನಿ ಮಾತ್ರ ಮುದುಕನದ್ದೇ. ಆದರೂ ಆ ಮುಪ್ಪು, ಆ ಒಂಟಿತನವನ್ನು ಮುಚ್ಚಿಡದೆ ತೋರಿಸಿದ್ದು ನಾಲ್ಕನೆಯದಕ್ಕಿಂತ ಮೇಲು.

ಟಿವಿಯಲ್ಲಿ ಹಾಕೋ ಮುಂಚೆ ಪಿಕ್ಚರ್ ಮೋಡ್ ಅನ್ನು 'ಸಿನಿಮಾ'ಕ್ಕೆ ಇಟ್ಟು, ಮೋಷನ್ ಸ್ಮೂದಿಂಗ್ ಆಫ್ ಮಾಡಿ (ಕಂಪನಿಗೊಂದು ಹೆಸರಿರುತ್ತೆ). ಸೆಕೆಂಡಿಗೆ 24 ಫ್ರೇಮ್‌ನಲ್ಲಿ ತೆಗೆದ ಚಿತ್ರಕ್ಕೆ ಟಿವಿ ತಾನೇ ಫ್ರೇಮ್ ಸೇರಿಸಿದರೆ ಲಾರಿ ಕಾಳಗವೂ ಧಾರಾವಾಹಿ ಥರ ಕಾಣುತ್ತೆ.