ಸಹಾಯ ಬೇಕು: ಗಿರಾಕಿಗಳು ಹೇಳುವುದೊಂದು, ಕೊಳ್ಳುವುದೊಂದು. ಯಾವುದನ್ನು ನಂಬಲಿ?

ಎಲ್ಲರಿಗೂ ನಮಸ್ಕಾರ. ಮೈಸೂರಿನಲ್ಲಿ ಮನೆಯಿಂದಲೇ ರಾಗಿ ಹುರಿಹಿಟ್ಟು ಮಾಡಿ ಮಾರುತ್ತೇನೆ. ಬೆಲ್ಲ, ಏಲಕ್ಕಿ ಹಾಕಿದ್ದು ಒಂದು, ಸಿಹಿಯೇ ಇಲ್ಲದ್ದು ಇನ್ನೊಂದು.

ಶುರು ಮಾಡುವ ಮೊದಲು ವಾಟ್ಸಾಪ್‌ನಲ್ಲಿ ಕೇಳಿದ್ದೆ. ಹೆಚ್ಚಿನವರು "ಸಿಹಿ ಬೇಡ, ಮನೆಯಲ್ಲಿ ಶುಗರ್ ಇದೆ" ಎಂದರು. ಸಂತೆಯಲ್ಲಿ ರುಚಿಗೆ ಕೊಟ್ಟಾಗಲೂ ಅದೇ ಮಾತು. ಆದರೆ ಸಿಹಿ ಇಲ್ಲದ್ದನ್ನು ಹೊಗಳುತ್ತಲೇ ಕೈ ಬೆಲ್ಲದ ಪ್ಯಾಕೆಟ್ ಕಡೆ ಹೋಗುತ್ತದೆ. ಬೆಲೆ ಜಾಸ್ತಿ ಎನ್ನುವವರು ಅರ್ಧ ಕೆಜಿ ಬಿಟ್ಟು 200 ಗ್ರಾಂ ಒಯ್ಯುತ್ತಾರೆ. ಲೆಕ್ಕ ಹಾಕಿದರೆ ಅದೇ ದುಬಾರಿ ಅಲ್ವಾ?

"ಇಷ್ಟವಾಯಿತಾ" ಎನ್ನುವುದನ್ನು ಬಿಟ್ಟು "ನಿನ್ನೆ ಬೆಳಗ್ಗೆ ಏನು ಕುಡಿದಿರಿ" ಎಂದು ಕೇಳಿ ನೋಡಿದೆ. ಆಗ ನಿಜ ಬಂತು: ಕಾಫಿ, ಮಕ್ಕಳಿಗೆ ಹಾಲು. ರಿಯಾಯಿತಿ ಕೊಟ್ಟಾಗ ಸಿಹಿ ಇಲ್ಲದ್ದೂ ಹೋಯಿತು, ಆದರೆ ರುಚಿಗೋ ಬೆಲೆಗೋ ತಿಳಿಯಲಿಲ್ಲ.

ಗೊಂದಲ ಇಲ್ಲಿದೆ. ಸಿಹಿ ಇಲ್ಲದ್ದನ್ನು ಕೊಳ್ಳುವವರು ಕಡಿಮೆ, ಆದರೆ ಅವರೇ ತಿರುಗಿ ಬರುತ್ತಾರೆ. ಬೆಲ್ಲದ್ದು ಜಾಸ್ತಿ ಹೋದರೂ ಕೊಳ್ಳುವವರು ಬಹುಪಾಲು ಹೊಸಬರು. ಎರಡನ್ನೂ ಮುಂದುವರಿಸುವಷ್ಟು ಬಂಡವಾಳ ನನ್ನಲ್ಲಿಲ್ಲ.

ಇಂಥಲ್ಲಿ ಮೊದಲ ಖರೀದಿ ನೋಡಬೇಕಾ, ಮತ್ತೆ ಬಂದು ಕೊಳ್ಳುವುದನ್ನು ನೋಡಬೇಕಾ? ಜನ ನಿಜವಾಗಿ ಕೊಳ್ಳುತ್ತಾರಾ ಎಂದು ಮುಂಗಡ ಹಣ ಪಡೆದು ಪರೀಕ್ಷೆ ಮಾಡಿದವರಿದ್ದರೆ, ಹೇಗೆ ಮಾಡಿದಿರಿ ದಯವಿಟ್ಟು ತಿಳಿಸಿ.