ಪಾಸಿಟಿವ್ ಅರ್ತ್‌ಗೆ ಕನ್ನಡದಾಗ ಏನಂತ ಬರೀಬೇಕ್ರಿ? (ಹಳೇ ಕಾರಿನ ರೇಡಿಯೋ ವಿಷಯ)

ಎಲ್ಲಾರಿಗೂ ನಮಸ್ಕಾರ್ರಿ. ಕೊಪ್ಪಳದಾಗ ನಮ್ಮ ದೋಸ್ತ ಒಬ್ಬಾಂವ ಹಳೇ ಮಾರಿಸ್ ಮೈನರ್ ಇಟ್ಕೊಂಡಾನ, ಅದಕ್ಕ ರೇಡಿಯೋ ಕುಂದ್ರಿಸೋದು ಹೆಂಗಂತ ಕನ್ನಡದಾಗ ಒಂದೆರಡು ಪುಟ ಬರ್ಕೊಡು, ವರ್ಕ್‌ಶಾಪ್ ಹುಡುಗ್ರು ಓದ್ಕೊಂಡು ಮಾಡ್ತಾರ ಅಂದ. ಡ್ಯಾಷ್‌ಬೋರ್ಡ್, ಏರಿಯಲ್, ಸ್ಪೀಕರ್ ಇವಕ್ಕೆಲ್ಲ ಹೊಸ ಪದ ಹುಡುಕೋ ಹುಚ್ಚು ನನಗಿಲ್ಲ, ಹುಡುಗ್ರು ಏನಂತಾರೋ ಅದನ್ನ ಬರ್ದೀನಿ. ಆದ್ರ ಪಾಸಿಟಿವ್ ಅರ್ತ್ ಅನ್ನೋ ಕಡೆ ಬಂದು ನಿಂತುಬಿಟ್ಟೀನಿ.

ಗಾಡಿ ಗೊತ್ತಿಲ್ದೋರಿಗೆ ಸ್ವಲ್ಪ ಹೇಳ್ತೀನಿ, ಇಲ್ಲಾಂದ್ರ ಪ್ರಶ್ನೆ ತಿಳಿಯಂಗಿಲ್ಲ. ಕಾರಿನಾಗ ಬ್ಯಾಟರಿದು ಒಂದು ತುದಿ ವೈರಿನಾಗ ಹೋಗತೈತಿ, ಇನ್ನೊಂದು ತುದಿನ ಗಾಡಿ ಬಾಡಿಗೇ ಬೋಲ್ಟ್ ಹಾಕಿ ಬಿಗ್ದಿರ್ತಾರ, ಬಾಡಿ ಕಬ್ಬಿಣನ ವಾಪಸ್ ಬರೋ ವೈರು. ಇವತ್ತಿನ ಗಾಡ್ಯಾಗ ಬಾಡಿಗೆ ಮೈನಸ್ ಇರತೈತಿ, ಫಿಯೆಟ್ ಪದ್ಮಿನಿಯಾಗೂ ಮೈನಸ್ಸೇ. ಆದ್ರ 1948ರಾಗ ಬಂದ ಮಾರಿಸ್ ಮೈನರ್, 1959ರ ಮಿನಿ, ಇವೆರಡೂ ಇಸಿಗೊನಿಸ್ ಅನ್ನೋ ಒಬ್ಬಾತನ ಡಿಸೈನ್, ಇವುಗಳಾಗೂ ಆ ಕಾಲದ ಬಹಳಷ್ಟು ಇಂಗ್ಲೆಂಡ್ ಗಾಡಿಗಳಾಗೂ 1960ರ ದಶಕದ ಕೊನೆ ತನಕ ಬಾಡಿಗೆ ಪ್ಲಸ್ ಇತ್ತು, ಇದಕ್ಕನ ಪಾಸಿಟಿವ್ ಅರ್ತ್ ಅನ್ನೋದು. ವಾಲ್ವ್ ರೇಡಿಯೋ ಕಾಲದಾಗ ಇದರಿಂದ ಅಷ್ಟು ತ್ರಾಸ ಇರ್ಲಿಲ್ಲ, ಟ್ರಾನ್ಸಿಸ್ಟರ್ ಬಂದ ಮ್ಯಾಲೆ ಉಲ್ಟಾ ಕೊಟ್ರ ಸೆಟ್ಟು ಸತ್ತಂಗ ಲೆಕ್ಕ. ಅದಕ್ಕ ಆಗಿನ ಕೆಲವು ಕಾರ್ ರೇಡಿಯೋಗಳ ಹಿಂದ ಪ್ಲಸ್ ಮೈನಸ್ ಬದಲಿ ಮಾಡೋ ಪ್ಲಗ್ಗೇ ಇರ್ತಿತ್ತು. ಈಗಿನ ಸೆಟ್ಟಿನ ಡಬ್ಬಿನೇ ಮೈನಸ್, ಏರಿಯಲ್ ವೈರಿನ ಹೊರಗಿನ ಜಾಳಿಗಿನೂ ಮೈನಸ್. ಕೆಂಪು ವೈರು ಬಾಡಿಗೆ, ಕರೀ ವೈರು ಬ್ಯಾಟರಿ ಮೈನಸ್‌ಗೆ ಅಂತ ಜಾಣತನ ಮಾಡಿದ್ರೂ ಆ ಡಬ್ಬಿ ಡ್ಯಾಷ್‌ಬೋರ್ಡಿಗೆ ತಾಗಿತು ಅಂದ್ರ ಸೀದಾ ಶಾರ್ಟು, ಕೆಂಪು ವೈರಿನ ಫ್ಯೂಸು ಆ ದಾರ್ಯಾಗ ಇರೋದೇ ಇಲ್ಲ, ವೈರು ಸುಟ್ಟು ಹೊಗಿ ಬರತೈತಿ. ಹಂಗಾಗಿ ಈ ಒಂದು ಮಾತು ಹುಡುಗ್ರಿಗೆ ತಪ್ಪಿಲ್ದಂಗ ತಿಳೀಬೇಕು.

ಸ್ಕೂಲ್ ಸೈನ್ಸ್ ಪುಸ್ತಕದಾಗ ಅರ್ತ್ ವೈರ್‌ಗೆ ಭೂಸಂಪರ್ಕ ತಂತಿ ಅಂತೈತಿ, ಪಾಸಿಟಿವ್‌ಗೆ ಧನ. ಎರಡೂ ಜೋಡಿಸಿ "ಧನ ಭೂಸಂಪರ್ಕ" ಅಂತ ಬರ್ದು ಓದಿ ನೋಡ್ರಿ, ಬೈಪಾಸ್ ರೋಡಿನ ಪಕ್ಕ ಪ್ಲಾಟ್ ಮಾರೋರ ಬೋರ್ಡ್ ಇದ್ದಂಗೈತಿ! ನೆಗೆಟಿವ್ ಗಾಡಿ ಆದ್ರ "ಋಣ ಭೂಸಂಪರ್ಕ", ಅದಂತೂ ಪಹಣಿ ಮ್ಯಾಲೆ ಬ್ಯಾಂಕಿನ ಸಾಲ ಕುಂತಂಗ. ನಗೋದು ಬಿಡ್ರಿ, ಖರೇ ತೊಂದರಿ ಅಂದ್ರ ಕಾರಿಗೆ ಭೂಮಿ ಸಂಪರ್ಕನೇ ಇಲ್ಲ, ನಾಲ್ಕು ರಬ್ಬರ್ ಟೈರಿನ ಮ್ಯಾಲೆ ನಿಂತೈತಿ. ನಮ್ಮ ಕಡೆ ಅರ್ತ್ ಅಂದ್ರ ತೆಗ್ಗು ತೋಡಿ ಉಪ್ಪು ಇದ್ದಲಿ ಹಾಕಿ ಪೈಪ್ ಹುಗಿಯೋದು. ಗಾಡಿಗೂ ಭೂಸಂಪರ್ಕ ಇಲ್ಲ ಅಂತಲ್ಲ, ಪೆಟ್ರೋಲ್ ಟ್ಯಾಂಕರ್ ಕೆಳಗ ನೆಲಕ್ಕ ಸರಪಳಿ ಇಳೇ ಬಿಟ್ಟಿರ್ತಾರಲ್ಲ, ಅದು ನಿಜವಾದ ಭೂಸಂಪರ್ಕ. ಆ ಪದ ಅದಕ್ಕ ಇಟ್ಟು ಇದಕ್ಕ ಬ್ಯಾರೆ ಹುಡುಕೋದು ಚಲೋ ಅಂತ ನನ್ನ ಲೆಕ್ಕ. ಇಂಗ್ಲಿಷ್‌ನೋರಿಗೂ ಈ ಗೋಜು ಐತಿ, ಬ್ರಿಟನ್ನಿನಾಗ ಅರ್ತ್, ಅಮೆರಿಕಾದಾಗ ಗ್ರೌಂಡ್, ಎರಡೂ ನೆಲಾನ. ಜರ್ಮನ್ನರು ಮಾತ್ರ ನೆಲದ ಸುದ್ದಿಗೆ ಹೋಗಂಗಿಲ್ಲ, ಗಾಡ್ಯಾಗ ಅದಕ್ಕ ಮಾಸ್ಸೆ ಅಂತಾರ, ಕಬ್ಬಿಣದ ಆ ದೊಡ್ಡ ಮುದ್ದಿನೇ ಅಂದಂಗ.

ಹಂಗಾರ ವರ್ಕ್‌ಶಾಪಿನ ಮಾತನ್ನೇ ಬರೀಬಾರದ್ಯಾಕ ಅಂತೀರಿ. ಅವರು "ಬಾಡಿಗೆ ಪ್ಲಸ್" ಅಂತಾರ, ಬಾಯಾಗ ಹೇಳೋ ಮುಂದ ಕೈ ಬಾನೆಟ್ ಮ್ಯಾಲೆ ಇರತೈತಿ, ತಿಳೀತೈತಿ. ಬರ್ದು ನೋಡಿದ್ರ ಬಾಡಿಗೆ ಅಂದ್ರ ಮನಿ ಬಾಡಿಗೆನೂ ಹೌದು. "ಈ ಗಾಡಿಯಲ್ಲಿ ಬಾಡಿಗೆ ಪ್ಲಸ್ ಕೊಟ್ಟಿರುತ್ತಾರೆ" ಅಂತ ಬರ್ದು ನಮ್ಮ ಮನಿಯೋರಿಗೆ ತೋರಿಸಿದ್ರ ಮದುವಿಗೆ ಗಾಡಿ ಬಿಡೋರ ರೇಟ್ ಚೀಟಿ ಅಂದ್ಕೊಂಡ್ರು. ನಮ್ಮ ಕಡೆ ಮಾತಿನಾಗ ಎರಡೂ "ಬಾಡಿಗಿ" ಆಗತಾವ, ಅಲ್ಲೂ ಪಾರಾಗೋ ದಾರಿ ಇಲ್ಲ. ಬಳ್ಳಾರಿಯಾಗ ತೆಲುಗಿನ್ಯಾಗ ಬಾಡೀಕಿ ಅಂತಾರ, ಉರ್ದು ಮಾತಾಡೋ ಮಿಸ್ತ್ರಿಗಳು ಬಾಡಿ ಕೋ ಅಂತಾರ, ಈ ಗೊಂದಲ ಕನ್ನಡಕ್ಕ ಮಾತ್ರ ಗಂಟು ಬಿದ್ದೈತಿ. "ಬಾಡಿಯ ಕಡೆ ಪ್ಲಸ್" ಅಂತ ಮಾಡಬಹುದು, ಆದ್ರ ಕಡೆ ಅಂದ ಕೂಡಲೇ ಬರೇ ದಿಕ್ಕು ಆತು, ಬೋಲ್ಟ್ ಹಾಕಿ ಬಿಗಿಯೋದು ಅದರಾಗ ಬರಲ್ಲ. "ತಗಡಿಗೆ ಪ್ಲಸ್" ಅಂತ ಒಬ್ರು ಹೇಳಿದ್ರು, ಕೇಳಾಕ ಚಲೋ ಐತಿ, ಆದ್ರ ಇಂಜಿನ್ ತಗಡಲ್ಲ. ಒಡಲು ಅನ್ನೋದು ಕವಿಗಳಿಗಿರ್ಲಿ.

ನನ್ನ ಮನಸ್ಸು "ಗಾಡಿ ಮೈಗೆ ಪ್ಲಸ್" ಕಡೆ ಐತಿ. ಮಿಕ್ಸರ್ ಮೈಗೆ ಕರೆಂಟ್ ಬರಾಕತ್ತೈತಿ, ಮುಟ್ಟಬ್ಯಾಡ ಅಂತ ಮನ್ಯಾಗ ಅಂತೀವಲ್ಲ, ಅದೇ ಮೈ. ಪದ ಹೊಸಾದಲ್ಲ, ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. "ಈ ಕಾರಿನಲ್ಲಿ ಗಾಡಿ ಮೈ ಪ್ಲಸ್, ರೇಡಿಯೋ ಮೈ ಮೈನಸ್, ಎರಡೂ ತಾಗಬಾರದು" ಅಂತ ಬರ್ದ್ರ ಒಂದೇ ಸಾಲಿನಾಗ ಕೆಲಸ ಮುಗೀತೈತಿ. "ಮೈ ಮೈನಸ್" ಅನ್ನೋ ಮುಂದ ನಾಲಿಗಿ ಒಂದೀಟು ತೊಡರತೈತಿ, ಇರ್ಲಿ.

ಇನ್ನೊಂದು ಸಣ್ಣದು. "ರೇಡಿಯೋ ಹಚ್ಚಿ ನೋಡಿರಿ" ಅಂತ ಬರ್ದೀನಿ, ನಮಗ ಹಚ್ಚೋದು ಅಂದ್ರ ಆನ್ ಮಾಡೋದು. ಮೈಸೂರು ಮಂಡ್ಯ ಕಡೆಯೋರು ಇದನ್ನ ಓದಿದ್ರ ಬೆಂಕಿ ಹಚ್ಚೋದು ಅಂದ್ಕೊಂಡಾರೇನು? ಶಾರ್ಟ್ ಸರ್ಕ್ಯೂಟ್ ಬಗ್ಗೆ ಬರ್ದ ಹಾಳ್ಯಾಗ ಆ ಅನುಮಾನ ಬ್ಯಾಡ, ಅದಕ್ಕ ಕೇಳಿದೆ.

ಐಟಿಐ ಮೋಟಾರ್ ಮೆಕ್ಯಾನಿಕ್ ಪಾಠದ ಹಳೇ ಕನ್ನಡ ನೋಟ್ಸ್ ಯಾರ ಹತ್ರನಾರ ಇದ್ರ ಬ್ಯಾಟರಿ ಪಾಠದಾಗ ಇದಕ್ಕ ಏನಂತ ಬರ್ದಾರ ಒಂದು ಸಲ ತೆಗ್ದು ನೋಡ್ರಿ. ಮಂಗಳೂರು, ಹುಬ್ಬಳ್ಳಿ ಗ್ಯಾರೇಜ್‌ಗಳಾಗ ಬ್ಯಾರೆ ಮಾತಿದ್ರೂ ಹೇಳ್ರಿ. ದೋಸ್ತ ಅವಸರ ಮಾಡಾಕತ್ತಾನ, ರೇಡಿಯೋದಾಗ ಧಾರವಾಡ ಆಕಾಶವಾಣಿ (765 ಕಿಲೋಹರ್ಟ್ಜ್) ಹಿಡಿದು ಕೇಳೋ ತನಕ ಗಾಡಿ ಹೊರಗ ತೆಗಿಯಂಗಿಲ್ಲ ಅಂತ ಕುಂತಾನ.