ಹೊರಗಿನ ಲೈಬ್ರರಿಗಳನ್ನು ತಂಡದ ಗಿಟ್ ರೆಪೊದಲ್ಲಿ ಇಡಬೇಕೆ?

ಉಣಕಲ್_ಕೆರೆ (ಹುಬ್ಬಳ್ಳಿ):
ಎಲ್ಲರಿಗೂ ನಮಸ್ಕಾರ. ನಾವು ಐದು ಜನ ವಿದ್ಯಾನಗರದ ಪುಟ್ಟ ಕಚೇರಿಯೊಂದರಲ್ಲಿ ಕುಳಿತು, ಬ್ಯಾಡಗಿಯ ಮೆಣಸಿನಕಾಯಿ ಅಡತಿ ಅಂಗಡಿಗಳಿಗೆ ಬೇಕಾದ ತಂತ್ರಾಂಶವನ್ನು ನೋಡ್ ಜೆಎಸ್‌ನಲ್ಲಿ ಬರೆಯುತ್ತಿದ್ದೇವೆ. ಚೀಲದ ತೂಕದಿಂದ ಹಿಡಿದು ರೈತರ ಕೈಗೆ ಕೊಡುವ ಪಟ್ಟಿಯವರೆಗಿನ ಲೆಕ್ಕವೆಲ್ಲ ಅದರಲ್ಲಿಯೇ ನಡೆಯುತ್ತದೆ. ನಮ್ಮ ಹಿರಿಯ ಸಹೋದ್ಯೋಗಿಯೊಬ್ಬರು ಮೊದಲಿನಿಂದಲೂ ಹೊರಗಿನಿಂದ ತಂದ ಲೈಬ್ರರಿಗಳೆಲ್ಲ (ಪ್ಯಾಕೇಜುಗಳು) ಇರುವ ನೋಡ್ ಮಾಡ್ಯೂಲ್ಸ್ ಫೋಲ್ಡರನ್ನು ಇಡಿಯಾಗಿ ಗಿಟ್ ರೆಪೊಗೆ, ಅಂದರೆ ಕೋಡಿನ ಬದಲಾವಣೆಗಳನ್ನು ಇತಿಹಾಸಸಮೇತ ಕಾಯ್ದಿಡುವ ತಂಡದ ಭಂಡಾರಕ್ಕೆ, ಕಮಿಟ್ ಮಾಡುತ್ತ (ದಾಖಲಿಸುತ್ತ) ಬಂದಿದ್ದಾರೆ. ಮಳೆಗಾಲದಲ್ಲಿ ಇಂಟರ್ನೆಟ್ ಹೋದರೂ ಕೆಲಸ ನಿಲ್ಲಬಾರದು ಎಂಬುದು ಅವರ ವಾದ.

ಕಳೆದ ವಾರ ಒಬ್ಬರು ವಿಂಡೋಸ್ ಲ್ಯಾಪ್‌ಟಾಪಿನಿಂದ ಕಮಿಟ್ ಮಾಡಿದ ಫೋಲ್ಡರನ್ನು ಲಿನಕ್ಸ್ ಸರ್ವರಿಗೆ ಎಳೆದುಕೊಂಡಾಗ, ಪಾಸ್‌ವರ್ಡ್ ಹ್ಯಾಶ್ ಮಾಡುವ ಪ್ಯಾಕೇಜ್ 'ಇನ್‌ವ್ಯಾಲಿಡ್ ಇಎಲ್‌ಎಫ್ ಹೆಡರ್' (ಇದು ಲಿನಕ್ಸಿಗೆ ತಕ್ಕ ಕಡತವಲ್ಲ) ಎಂದು ತಕರಾರು ತೆಗೆದು, ಅರ್ಧ ದಿನ ಯಾರೂ ಲಾಗಿನ್ ಆಗದಂತಾಯಿತು. ಇದಲ್ಲದೆ ನಮ್ಮಲ್ಲಿ ಇನ್ನೆರಡು ಹೊರಗಿನ ವಸ್ತುಗಳಿವೆ. ಒಂದು, ಕನ್ನಡದ ಒತ್ತಕ್ಷರಗಳು ಸರಿಯಾಗಿ ಮೂಡಲೆಂದು ನಾವೇ ಕೆಲವು ಸಾಲು ತಿದ್ದಿರುವ ಪಿಡಿಎಫ್ ಲೈಬ್ರರಿ. ಇನ್ನೊಂದು, ತೂಕದ ಯಂತ್ರ ಮಾರಿದವರು ಪೆನ್‌ಡ್ರೈವಿನಲ್ಲಿ ಕೊಟ್ಟುಹೋದ ಡಿಎಲ್‌ಎಲ್ ಕಡತ (ವಿಂಡೋಸ್‌ನ ಸಿದ್ಧ ಲೈಬ್ರರಿ). ಇವುಗಳಲ್ಲಿ ರೆಪೊದೊಳಗೆ ಇರಬೇಕಾದದ್ದು ಯಾವುದು, ಹೊರಗಿರಬೇಕಾದದ್ದು ಯಾವುದು?

ಮುದ್ರಣಕಾಶಿ (ಗದಗ):
ಮೂರಕ್ಕೂ ಒಂದೇ ಉತ್ತರ ಹುಡುಕುತ್ತಿರುವುದರಿಂದ ನಿಮ್ಮಲ್ಲಿ ಜಗಳ ಬಗೆಹರಿಯುತ್ತಿಲ್ಲ. ಬೇಕೆಂದಾಗ ಅದೇ ರೂಪದಲ್ಲಿ ಮತ್ತೆ ತರಬಹುದಾದದ್ದನ್ನು ರೆಪೊದಲ್ಲಿ ಇಡುವುದು ಬೇಡ. ಅದನ್ನು ತರುವ ಚೀಟಿಯನ್ನಷ್ಟೇ ಇಡಿ. ಮತ್ತೆ ಸಿಗುವ ಖಾತ್ರಿ ಇಲ್ಲದ್ದನ್ನು ಮತ್ತು ನಿಮ್ಮ ಕೈ ಸೋಕಿದ್ದನ್ನು ರೆಪೊದಲ್ಲಿಯೇ ಇಡಿ.

ನೋಡ್ ಮಾಡ್ಯೂಲ್ಸ್ ಮೊದಲನೆಯ ಗುಂಪಿಗೆ ಸೇರಿದ್ದು. ಪ್ಯಾಕೇಜ್-ಲಾಕ್ ಕಡತದಲ್ಲಿ ಪ್ರತಿ ಪ್ಯಾಕೇಜಿನ ನಿಖರವಾದ ಆವೃತ್ತಿಯೂ ಅದರ ಹ್ಯಾಶ್ ಮೌಲ್ಯವೂ (ಒಳಗಿನದು ಬದಲಾದರೆ ತಿಳಿಸುವ, ಬೆರಳಚ್ಚಿನಂಥ ಗುರುತು) ದಾಖಲಾಗಿರುತ್ತವೆ. ಆ ಕಡತವನ್ನು ತಪ್ಪದೆ ಕಮಿಟ್ ಮಾಡಿ, ಸರ್ವರಿನಲ್ಲಿ ಪ್ಯಾಕೇಜ್ ತರುವ ಎನ್‌ಪಿಎಂ ಉಪಕರಣದ 'ಎನ್‌ಪಿಎಂ ಇನ್‌ಸ್ಟಾಲ್' ಬದಲು 'ಎನ್‌ಪಿಎಂ ಸಿಐ' ಬಳಸಿ. ಅದು ಹಳೆಯ ಫೋಲ್ಡರನ್ನು ಅಳಿಸಿ, ಲಾಕ್ ಕಡತದಲ್ಲಿ ಇರುವುದನ್ನೇ ಆ ಯಂತ್ರಕ್ಕೆ ತಕ್ಕಂತೆ ತರುತ್ತದೆ. ಬೇಕಾದ ಪ್ಯಾಕೇಜುಗಳ ಪಟ್ಟಿಯಿರುವ ಪ್ಯಾಕೇಜ್ ಕಡತಕ್ಕೂ ಲಾಕ್ ಕಡತಕ್ಕೂ ತಾಳೆಯಾಗದಿದ್ದರೆ ಅಲ್ಲಿಯೇ ನಿಂತುಬಿಡುತ್ತದೆ. ನಿಮ್ಮ ಇಎಲ್‌ಎಫ್ ತಕರಾರು ಮತ್ತೆ ಬರುವುದಿಲ್ಲ.

ಪಿಡಿಎಫ್ ಲೈಬ್ರರಿಯ ವಿಷಯದಲ್ಲಿ ಹೆಚ್ಚು ಎಚ್ಚರ ಬೇಕು, ಏಕೆಂದರೆ ಆರು ತಿಂಗಳ ನಂತರ ಮೂಲದವರು ಹೊಸ ಆವೃತ್ತಿ ಬಿಟ್ಟಾಗ, ತಾವು ತಿದ್ದಿದ ಸಾಲುಗಳು ಯಾವುವೆಂದು ತಂಡದಲ್ಲಿ ಯಾರಿಗೂ ನೆನಪಿರುವುದಿಲ್ಲ. ಮೊದಲು ಮೂಲ ಲೈಬ್ರರಿಯನ್ನು ಒಂದಕ್ಷರವೂ ಬದಲಿಸದೆ 'ಥರ್ಡ್‌ಪಾರ್ಟಿ' ಎಂಬ ಫೋಲ್ಡರಿನಲ್ಲಿ ಪ್ರತ್ಯೇಕವಾಗಿ ಕಮಿಟ್ ಮಾಡಿ; ಅದರ ಮೇಲೆ ನಿಮ್ಮ ತಿದ್ದುಪಡಿಯನ್ನು ಎರಡನೆಯ ಕಮಿಟ್ ಆಗಿ ಹಾಕಿ. ಆಗ ಒಂದು ಡಿಫ್ (ಎರಡರ ನಡುವಿನ ವ್ಯತ್ಯಾಸ) ತೆಗೆದರೆ ನಿಮ್ಮ ಕೈಕೆಲಸವಷ್ಟೇ ಕಾಣುತ್ತದೆ. ಬದಲಾವಣೆ ನಾಲ್ಕಾರು ಸಾಲಿನದಾದರೆ, ತಿದ್ದಿದ್ದನ್ನಷ್ಟೇ ಇಟ್ಟುಕೊಂಡು ಮೂಲಕ್ಕೆ ಮತ್ತೆ ಹಚ್ಚುವ 'ಪ್ಯಾಚ್-ಪ್ಯಾಕೇಜ್' ಉಪಕರಣವೇ ಸಾಕು. ಗಿಟ್‌ಅಟ್ರಿಬ್ಯೂಟ್ಸ್ ಕಡತದಲ್ಲಿ ಆ ಫೋಲ್ಡರಿನ ಸಾಲುಗಳ ಕೊನೆಯ ಗುರುತನ್ನು (ವಿಂಡೋಸ್ ಮತ್ತು ಲಿನಕ್ಸಿನಲ್ಲಿ ಅದು ಬೇರೆ ಬೇರೆ) ಮುಟ್ಟಬಾರದೆಂದೂ ಬರೆದಿಡಿ; ಇಲ್ಲವಾದರೆ ವಿಂಡೋಸ್ ಯಂತ್ರವೊಂದು ಸಾವಿರಾರು ಸಾಲು ಬದಲಾಗಿವೆ ಎಂದು ತೋರಿಸಿ ಎಲ್ಲರನ್ನೂ ಗಾಬರಿಗೊಳಿಸುತ್ತದೆ.

ಡಿಎಲ್‌ಎಲ್ ರೆಪೊದಲ್ಲಿ ಇರಲಿ. ಪಕ್ಕದಲ್ಲಿಯೇ ಒಂದು ಪಠ್ಯ ಕಡತದಲ್ಲಿ ಅದರ ಆವೃತ್ತಿ, ಕೊಟ್ಟವರು ಯಾರು, ಯಾವ ದಿನ ಬಂತು ಮತ್ತು ಎಸ್‌ಎಚ್‌ಎ-256 ಹ್ಯಾಶ್ ಮೌಲ್ಯ ಏನು ಎಂಬುದನ್ನು ಬರೆಯಿರಿ. ಆದರೆ ಅದನ್ನು ಹಂಚಲು ಪರವಾನಗಿ ಇದೆಯೇ ಎಂದು ಮೊದಲು ಕೇಳಿ. ಖಾಸಗಿ ರೆಪೊ ಎಂಬ ಧೈರ್ಯ ಮಾತ್ರ ಸಾಲದು. ಪಿಡಿಎಫ್ ಲೈಬ್ರರಿ ಎಂಐಟಿ ಎಂಬ ಮುಕ್ತ ಬಳಕೆಯ ಪರವಾನಗಿಯದಾಗಿದ್ದರೆ ಆ ಪರವಾನಗಿಯ ಪಠ್ಯವನ್ನು ಅಳಿಸುವಂತಿಲ್ಲ.

ಏಲಕ್ಕಿಮಾಲೆ (ಹಾವೇರಿ):
ಮೇಲಿನ ಉತ್ತರ ಒಪ್ಪತಕ್ಕದ್ದೇ. ಆದರೂ ಆ ಹಿರಿಯರ ಮಾತನ್ನು ಅಷ್ಟು ಹಗುರವಾಗಿ ತಳ್ಳಿಹಾಕಬಾರದು. 2016ರ ಮಾರ್ಚ್‌ನಲ್ಲಿ 'ಲೆಫ್ಟ್-ಪ್ಯಾಡ್' ಎಂಬ 11 ಸಾಲಿನ ಪ್ಯಾಕೇಜನ್ನು ಅದರ ಕರ್ತೃ ಎನ್‌ಪಿಎಂನ ಸಾರ್ವಜನಿಕ ಭಂಡಾರದಿಂದ ಹಿಂತೆಗೆದುಕೊಂಡಾಗ, ಅದನ್ನು ನೆಚ್ಚಿದ್ದ ಅಸಂಖ್ಯ ಯೋಜನೆಗಳ ಬಿಲ್ಡ್ (ತಂತ್ರಾಂಶ ಸಿದ್ಧಪಡಿಸುವ ಕೆಲಸ) ಮುರಿದುಬಿತ್ತು. ಪ್ರತಿಯನ್ನು ತಮ್ಮಲ್ಲೇ ಇಟ್ಟುಕೊಂಡವರಿಗೆ ಆ ದಿನ ಏನೂ ಆಗಲಿಲ್ಲ. ಅಲ್ಲಿಂದೀಚೆಗೆ ಪ್ಯಾಕೇಜ್ ಹಿಂತೆಗೆಯುವ ನಿಯಮವನ್ನು ಎನ್‌ಪಿಎಂ ಬಿಗಿಗೊಳಿಸಿದೆ ಎಂಬುದೂ ನಿಜವೇ.

ಅವರ ಆತಂಕಕ್ಕೆ ಗಿಟ್‌ನಲ್ಲಿ ಪರಿಹಾರ ಹುಡುಕುವ ಬದಲು ಕಚೇರಿಯ ಒಂದು ಹಳೆಯ ಕಂಪ್ಯೂಟರಿನಲ್ಲಿ 'ವೆರ್ಡಾಚಿಯೋ' ಹಾಕಿಕೊಳ್ಳಿ. ಒಮ್ಮೆ ತಂದ ಪ್ಯಾಕೇಜನ್ನು ಅದು ತನ್ನಲ್ಲಿ ಇಟ್ಟುಕೊಂಡು, ಹೊರಗಿನ ಸಂಪರ್ಕ ಕಡಿದಾಗಲೂ ಎಲ್ಲರಿಗೂ ಹಂಚುತ್ತದೆ. ಒಂದು ಎಚ್ಚರಿಕೆ ಮಾತ್ರ ಅಗತ್ಯ: ಲಾಕ್ ಕಡತದಲ್ಲಿ ನಿಮ್ಮ ಕಚೇರಿಯ ಒಳವಿಳಾಸ ನುಸುಳಿದರೆ ಹೊರಗಿನ ಸರ್ವರಿಗೆ ಆ ಕಡತ ಉಪಯೋಗಕ್ಕೆ ಬಾರದು. ನಾನು ಇದನ್ನು ಕಂಡುಕೊಂಡದ್ದು ರಾತ್ರಿ ಹನ್ನೊಂದು ಗಂಟೆಗೆ.

ಉಣಕಲ್_ಕೆರೆ (ಹುಬ್ಬಳ್ಳಿ):
ಇಬ್ಬರಿಗೂ ಧನ್ಯವಾದಗಳು. ಹಿರಿಯರಿಗೆ ಇದನ್ನು ಓದಿ ಹೇಳಿದೆ. ವೆರ್ಡಾಚಿಯೋ ಮಾತಿಗೆ ಒಪ್ಪಿದ್ದಾರೆ. ನೋಡ್ ಮಾಡ್ಯೂಲ್ಸ್ ಫೋಲ್ಡರನ್ನು ಗಿಟ್‌ಇಗ್ನೋರ್‌ಗೆ (ಗಿಟ್ ಕಡೆಗಣಿಸಬೇಕಾದವುಗಳ ಪಟ್ಟಿಗೆ) ಸೇರಿಸಿ, ಗಿಟ್‌ನಿಂದಲೂ ತೆಗೆದು ಕಮಿಟ್ ಮಾಡಿದ್ದಾಯಿತು. ಆದರೆ ಹೊಸದಾಗಿ ಕ್ಲೋನ್ ಮಾಡಿದರೆ (ಪೂರ್ತಿ ಪ್ರತಿ ಇಳಿಸಿಕೊಂಡರೆ) ರೆಪೊ ಮೊದಲಿನಷ್ಟೇ ಭಾರವಾಗಿದೆಯಲ್ಲ, ಏಕೆ?

ಮುದ್ರಣಕಾಶಿ (ಗದಗ):
ಅಳಿಸಿದ ಕಡತ ಇಂದಿನ ಸ್ಥಿತಿಯಿಂದ ಮಾತ್ರ ಹೋಗುತ್ತದೆ, ಇತಿಹಾಸದಲ್ಲಿ ಹಾಗೆಯೇ ಉಳಿಯುತ್ತದೆ. ಅದನ್ನೂ ತೆಗೆಯಬೇಕೆಂದರೆ ಇತಿಹಾಸವನ್ನೇ ತಿದ್ದಿ ಬರೆಯುವ 'ಗಿಟ್ ಫಿಲ್ಟರ್-ರೆಪೊ' ಬಳಸಬೇಕು. ಆಗ ಕಮಿಟ್‌ಗಳ ಹ್ಯಾಶ್ ಬದಲಾಗುವುದರಿಂದ ಐದೂ ಜನ ಹಳೆಯ ಪ್ರತಿಯನ್ನು ಬಿಟ್ಟು ಹೊಸದಾಗಿ ಕ್ಲೋನ್ ಮಾಡಿಕೊಳ್ಳಬೇಕಾಗುತ್ತದೆ. ಒಬ್ಬರು ಮರೆತು ಹಳೆಯದನ್ನು ಪುಶ್ ಮಾಡಿದರೂ (ರೆಪೊಗೆ ಕಳಿಸಿದರೂ) ಭಾರವೆಲ್ಲ ಮರಳಿ ಬರುತ್ತದೆ. ಮೊದಲು ಪೂರ್ತಿ ಬ್ಯಾಕಪ್ ತೆಗೆದಿಟ್ಟುಕೊಂಡು, ಬ್ಯಾಡಗಿಯಲ್ಲಿ ಆವಕ ಕಡಿಮೆ ಇರುವ ವಾರ ನೋಡಿ ಈ ಕೆಲಸಕ್ಕೆ ಕೈ ಹಾಕಿ.